ನಾಟಕ ಕಲ್ತು ಬಂದ ಹುಡುಗೂರಿಗೂ ಒಂದು ಆರತಿ ಎತ್ರಿ

ಬ್ಯಾಸಗಿ ಬಂತಂದ್ರ ನಮ್ಮ ಓಣ್ಯಾಗ ರಿಸಲ್ಟಿನ ಸುಗ್ಗಿ. ಒಂದು ಮನ್ಯಾಗ ಎಸ್ಸೆಸ್ಸೆಲ್ಸಿ, ಇನ್ನೊಂದು ಮನ್ಯಾಗ ಪಿಯುಸಿ, ಮೂಲಿ ಮನ್ಯಾಗ ಇಂಜಿನಿಯರಿಂಗ್. ಪೇಢಾ ಡಬ್ಬಿ ಮನಿಯಿಂದ ಮನಿಗೆ ತಿರಗ್ತಾವ. ಮಾರ್ಕ್ಸ್ ಎಷ್ಟು ಅಂತ ನಾವು ಕೇಳೋದಕಿಂತ ಮೊದಲ ಅವರ ಹೇಳಿ ಮುಗಿಸಿರ್ತಾರ. ವಾಟ್ಸಾಪಿನಾಗ ಫೋಟೋ, ಅದರ ಕೆಳಗ ನಲವತ್ತು ಮಂದಿ ಅಭಿನಂದನ. ಇದರಾಗ ತಪ್ಪೇನೂ ಇಲ್ಲ ಬಿಡ್ರಿ. ಹುಡುಗೂರು ನಿದ್ದಿಗೆಟ್ಟು ಓದಿರ್ತಾವ, ತಾಯಿ ಚಹಾ ಮಾಡಿ ಮಾಡಿ ಸಾಕಾಗಿರ್ತಾಳ, ಅಷ್ಟು ಸಂಭ್ರಮ ಪಡಬೇಕಾದದ್ದ.

ಆದ್ರ ಒಂದು ರಿಸಲ್ಟಿಗೆ ಮಾತ್ರ ಯಾರೂ ಪೇಢಾ ಹಂಚಿದ್ದು ನಾ ನೋಡಿಲ್ಲ. ಅದು ನಾಟಕ ಕಲ್ತು ಮುಗಿಸಿ ಬಂದ ಹುಡುಗೂರದ್ದು.

ನಮ್ಮ ಅಕ್ಕನ ಮಗಳು ಬಿ.ಎ. ಮಾಡಿ, ಆಮ್ಯಾಲೆ ಒಂದು ವರ್ಷ ರಂಗಶಾಲ್ಯಾಗ ಇದ್ದು, ಡಿಪ್ಲೊಮಾ ತೊಗೊಂಡು ಈ ಬ್ಯಾಸಗ್ಯಾಗ ಮನಿಗೆ ಬಂದಳು. ಯಾರೂ ಆಕಿಗೆ ಬೈಲಿಲ್ಲ. ಹಂಗಂತ ಯಾರೂ ಖುಷಿನೂ ಪಡಲಿಲ್ಲ. ಬ್ಯಾಗ್ ಇಳಿಸಿಕೊಂಡ್ರು, ತಾಟ ಹಾಕಿದ್ರು, "ಭಾಳ ಸೊರಗಿಯಲ್ಲ" ಅಂದ್ರು, ಅಷ್ಟ. ಹದಿನೈದು ದಿವಸಕ್ಕ ವರಾ ನೋಡ್ಲಿಕ್ಕೆ ಅಂತ ಬಯೋಡೇಟಾ ಬರದ್ರು. ಅದರಾಗ ಬಿ.ಎ. ಅದ, ಕಂಪ್ಯೂಟರ್ ಕೋರ್ಸ್ ಅದ, ಅಡಿಗಿ ಬರ್ತದ, ರಂಗೋಲಿ ಬರ್ತದ ಅಂತ ಅದ. ರಂಗಶಿಕ್ಷಣದ ಡಿಪ್ಲೊಮಾ ಇಲ್ಲ. "ಅದೊಂದು ವರ್ಷ ಎಲ್ಲಿದ್ದಳು ಅಂತ ಯಾರರ ಕೇಳಿದ್ರ?" ಅಂದೆ ನಾನು. "ಏನೋ ಒಂದು ಕೋರ್ಸ್ ಮಾಡಿದ್ಲು ಅಂದ್ರಾತು" ಅಂದ್ರು ನಮ್ಮ ಭಾವ. ಹುಡುಗಿ ಅಲ್ಲೇ ಕೂತು ಅವರೆಕಾಯಿ ಸುಲೀತಿದ್ದಳು. ತಲಿ ಎತ್ತಲಿಲ್ಲ.

ಆ ಬಿಟ್ಟುಹೋದ ಒಂದು ಸಾಲಿನ ಸಲುವಾಗಿ ಇವತ್ತು ಇಷ್ಟು ಬರೀಲಿಕ್ಕೆ ಕೂತೀನಿ. ನನ್ನ ಮಾತು ಇಷ್ಟ: ನಾಟಕ ಕಲ್ತು ಮುಗಿಸೋದು ಒಂದು ಓದು, ಒಂದು ಪಾಸು. ಮನಿಯವರು ಅದನ್ನ ನಾಕು ಮಂದ್ಯಾಗ ಎತ್ತಿ ಹೇಳಬೇಕು. ಮುಚ್ಚಿ ಇಟ್ರ ಆ ವಿದ್ಯಾ ಮುಚ್ಚಿಹೋಗೋದಿಲ್ಲ, ಹುಡುಗೂರ ಮನಸು ಮುಚ್ಚಿಹೋಗ್ತದ.

ಭಾಳ ಮಂದಿಗೆ ನಾಟಕದ ಸಾಲಿ ಅಂದ್ರ ಬಣ್ಣ ಹಚ್ಚಿಕೊಂಡು ಕುಣಿಯೋ ಜಾಗ ಅಂತ ಅನಸ್ತದ. ಅದಕ್ಕ ಸ್ವಲ್ಪ ವಿಷಯ ಹೇಳ್ತೀನಿ. ದಿಲ್ಲಿಯೊಳಗ ರಾಷ್ಟ್ರೀಯ ನಾಟಕ ಶಾಲೆ 1959ರಾಗ ಶುರುವಾತು. ಅಲ್ಲಿ ಮೂರು ವರ್ಷದ ಓದು, ಇಡೀ ದೇಶದ ಹುಡುಗೂರು ಅರ್ಜಿ ಹಾಕ್ತಾರ, ಒಳಗ ತೊಗೊಳೋದು ಬೆರಳೆಣಿಕಿ ಮಂದೀನ್ನ. ನಮ್ಮ ಕಡೆ ಅಂದ್ರ ಸಾಗರ ತಾಲೂಕಿನ ಹೆಗ್ಗೋಡು. ಅಡಕಿ ತ್ವಾಟದ ನಡುವಿನ ಸಣ್ಣ ಊರು. ಅಲ್ಲಿ 1949ರಾಗ ನೀನಾಸಂ ಹುಟ್ಟಿತು, ಕೆ.ವಿ. ಸುಬ್ಬಣ್ಣನವರು ಅದನ್ನ ಬೆಳೆಸಿದ್ರು, 1980ರಾಗ ಅಲ್ಲೇ ರಂಗಶಿಕ್ಷಣ ಕೇಂದ್ರ ತಗದ್ರು. ಒಂದು ವರ್ಷದ ಡಿಪ್ಲೊಮಾ, ಅಲ್ಲೇ ಇದ್ದು ಕಲೀಬೇಕು. 1985ರಿಂದ ಅಲ್ಲಿಂದ 'ತಿರುಗಾಟ' ಹೊರಡ್ತದ: ಒಂದು ತಂಡ ನಾಟಕ ಕಟ್ಟಿಕೊಂಡು, ಸಾಮಾನೆಲ್ಲ ಗಾಡ್ಯಾಗ ಹೇರಿಕೊಂಡು, ಊರೂರು ತಿರಗ್ತದ. ಸುಬ್ಬಣ್ಣನವರಿಗೆ 1991ರಾಗ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೈಸೂರಾಗ 1989ರಾಗ ರಂಗಾಯಣ ಆತು, ಈಗ ನಮ್ಮ ಧಾರವಾಡದಾಗೂ ಒಂದು ರಂಗಾಯಣ ಅದ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯೊಳಗ ಮಠದವರ ರಂಗಶಾಲಿ ನಡಸ್ತಾರ. ಅಂದ್ರ ಇದು ಯಾರೋ ಮನಸಿಗೆ ಬಂದಂಗ ಮಾಡಿದ ಬ್ಯಾಸಗಿ ಶಿಬಿರ ಅಲ್ಲ. ನಾಕು ದಶಕ ದಾಟಿದ ಓದು.

ಅಲ್ಲಿ ಏನ ಕಲಸ್ತಾರ? ಅಭಿನಯ ಒಂದ ಅಲ್ರಿ. ದನಿ ಹೆಂಗ ಹೊರಡಸಬೇಕು, ಉಸಿರು ಹೆಂಗ ಹಿಡೀಬೇಕು, ಮೈ ಹೆಂಗ ಹಗರ ಇಟ್ಟುಕೊಳಬೇಕು ಅನ್ನೋದರಿಂದ ಹಿಡಿದು, ಸಂಸ್ಕೃತ ನಾಟಕ, ಶೇಕ್ಸ್‌ಪಿಯರ್, ಯಕ್ಷಗಾನ, ನಾಟಕದ ಚರಿತ್ರೆ. ಕೈಗೆ ಸುತಗಿ ಕೊಟ್ಟು ಮೊಳಿ ಬಡೀ ಅಂತಾರ, ಸೂಜಿ ಕೊಟ್ಟು ಅಂಗಿ ಹೊಲಿ ಅಂತಾರ, ಲೈಟಿನ ವೈರ್ ಜೋಡಸು ಅಂತಾರ. ಇವತ್ತು ರಾಜನ ಪಾರ್ಟು ಮಾಡಿದಂವ ನಾಳಿನ ನಾಟಕದಾಗ ಪರದೆ ಹಿಂದ ನಿಂತು ಸಾಮಾನು ಹೊರತಾನ. ಆಟ ಮುಗಿದ ಮ್ಯಾಲೆ ಕಸ ಹೊಡಿಯೋರು ಅವರ. ಇದನ್ನ ಕೇಳಿ ನನಗ ಅನಿಸಿದ್ದು, ಇಷ್ಟೆಲ್ಲಾ ಒಂದು ವರ್ಷದಾಗ ನಾವು ಮನ್ಯಾಗ ನಮ್ಮ ಮಕ್ಕಳಿಗೆ ಕಲಸ್ತೀವೇನು? ಗಂಡುಹುಡುಗನ ಕೈಯಾಗ ಕಸಬರಿಗಿ ಕೊಡ್ಲಿಕ್ಕೆ ನಮ್ಮ ಕಡೆ ಇನ್ನೂ ಧೈರ್ಯ ಸಾಲ್ತಿಲ್ಲ.

ಅಕ್ಕನ ಮಗಳು ಬಂದ ಮ್ಯಾಲೆ ಆ ಮನ್ಯಾಗ ಆದ ಒಂದು ಬದಲಾವಣಿ ಹೇಳ್ತೀನಿ. ಅಕ್ಕನ ಅತ್ತಿಗೆ ಎಂಬತ್ತು ದಾಟ್ಯಾವ, ಕಿವಿ ಸರಿಯಾಗಿ ಕೇಳಸೋದಿಲ್ಲ. ಎಲ್ಲಾರೂ ಅವರ ಮುಂದ ಒದರತಾರ. ಒದರಿದಷ್ಟೂ ಅವರಿಗೆ ತಿಳಿಯೋದಿಲ್ಲ, "ಯಾಕ ಬೈಲಿಕ್ಕತ್ತೀರಿ" ಅಂತ ಅವರಿಗೆ ಸಿಟ್ಟು. ಈ ಹುಡುಗಿ ಮಾತ್ರ ಎದುರಿಗೆ ಕೂತು, ಮಾರಿ ತೋರಿಸಿ, ಒಂದೊಂದು ಶಬ್ದ ಬಿಡಿಸಿ ಬಿಡಿಸಿ ಹೇಳ್ತಾಳ, ದನಿ ಏರಸೋದಿಲ್ಲ. ಅಜ್ಜಿಗೆ ಎಲ್ಲಾ ಕೇಳಸ್ತದ. ಈಗ ದಿನಾ ಮಧ್ಯಾಹ್ನ ಪೇಪರ್ ಓದಿ ಹೇಳಸಿಕೋತಾರ. ಮೂರು ವರ್ಷದಿಂದ ಮನ್ಯಾಗ ಮೂಕರಂಗ ಕೂತಿದ್ದ ಮುದುಕಿ ಈಗ ರಾಜಕೀಯ ಮಾತಾಡ್ಲಿಕ್ಕತ್ಯಾರ!

ಆಕಿ ಬಂದ ದಿವಸ ನಾಟಕದ ಬಗ್ಗೆ ಕೇಳಿದವರೂ ಅವರೊಬ್ಬರ. "ಯಾವ ಪಾರ್ಟು ಮಾಡಿದ್ಯವಾ?" ಅಂದ್ರು. "ಮುದುಕಿ ಪಾರ್ಟು, ಅಜ್ಜಿ. ನಿನ್ನ ನಡಿಗಿನ ಹಾಕಿಕೊಂಡಿದ್ದೆ" ಅಂದಳು. "ಹೌದ? ನಾ ಹೆಂಗ ನಡೀತೀನಿ ತೋರಸು" ಅಂದ್ರು. ಹುಡುಗಿ ಪಡಸಾಲ್ಯಾಗ ಎದ್ದು, ಸೊಂಟದ ಮ್ಯಾಲೆ ಒಂದು ಕೈ ಇಟ್ಟು, ಗ್ವಾಡಿ ಹಿಡಕೊಂಡು ನಾಕು ಹೆಜ್ಜಿ ನಡದಳು. ಅಜ್ಜಿ ನಕ್ಕು ನಕ್ಕು ಕಣ್ಣೀರು ಒರಸಿಕೊಂಡ್ರು. ಆ ಮನ್ಯಾಗ ಆಕಿ ಪಾಸಾಗಿದ್ದಕ್ಕ ಆದ ಸಂಭ್ರಮ ಅಂದ್ರ ಅದೊಂದ.

ನಮ್ಮ ಸೀಮಿ ಮಂದಿಗೆ ನಾಟಕ ಅಂದ್ರ ಅಲರ್ಜಿ ಅಂತೇನಿಲ್ಲ. ಅದ ನನಗ ಒಗಟು. ಹಳ್ಳಿ ಜಾತ್ರ್ಯಾಗ ನಾಟಕ ಇಲ್ಲಂದ್ರ ಜಾತ್ರಿನ ಅಲ್ಲ. ಒಕ್ಕಲುತನದ ಮಂದಿ ಕೈಲೆ ರೊಕ್ಕ ಹಾಕಿ ಪಾರ್ಟು ತೊಗೋತಾರ, ತಿಂಗಳಗಟ್ಟಲೆ ತಾಲೀಮು ಮಾಡ್ತಾರ, ಊರಿಗೂರ ಬೆಳತನಕ ಕೂತು ನೋಡ್ತದ. ಕಂಪನಿ ನಾಟಕ ಬಂದಾಗ ಚಕ್ಕಡಿ ಕಟ್ಟಿಕೊಂಡು ಹೋಗಿದ್ದನ್ನ ನಮ್ಮ ಹಿರೇರು ಇವತ್ತಿಗೂ ಹೇಳ್ತಾರ. ಗರುಡ ಸದಾಶಿವರಾಯರ ಹೆಸರು, ಏಣಗಿ ಬಾಳಪ್ಪನವರ ಹೆಸರು ತಗದ್ರ ಮಾರಿ ಅರಳ್ತದ. ಬಾಳಪ್ಪನವರು ಹರೇದಾಗ ಹೆಣ್ಣಿನ ಪಾರ್ಟೂ ಮಾಡಿದವರು, ಮುಂದ ತಮ್ಮದ ಕಂಪನಿ ಕಟ್ಟಿದವರು. 1914ರಾಗ ಹುಟ್ಟಿ 2017ರಾಗ ತೀರಿಕೊಂಡ್ರು, ನೂರು ದಾಟಿದ ಜೀವ. ಅಂಥವರಿಗೆ ನಾವು ಕೈ ಮುಗೀತೀವಿ. ಆದ್ರ ನಟರು ಮಂದಿ ಮನ್ಯಾಗ ಹುಟ್ಟಬೇಕು, ನಮ್ಮ ಮನ್ಯಾಗ ಬ್ಯಾಡ. ನಟಿ ಅಂತೂ ಬ್ಯಾಡೇ ಬ್ಯಾಡ. ಸ್ಟೇಜಿನ ಮ್ಯಾಲೆ ಅತ್ರ ನಾವೂ ಅಳತೀವಿ, ಕೆಳಗ ಇಳದ ಮ್ಯಾಲೆ "ನಾಟಕದಾಕಿ" ಅಂತೀವಿ. ಆ ಒಂದು ಶಬ್ದದ ಅಂಜಿಕಿಗೆ ನಮ್ಮ ಭಾವನೋರು ಬಯೋಡೇಟಾದಾಗಿನ ಒಂದು ಸಾಲು ನುಂಗಿದ್ದು. ಅವರೊಬ್ಬರದ ತಪ್ಪಲ್ಲ ಅದು. ಆ ಶಬ್ದಕ್ಕ ಹೊಲಸು ಹಚ್ಚಿದವರು ನಾವೆಲ್ಲಾರೂ, ತೊಳಿಯೋರೂ ನಾವ ಆಗಬೇಕು.

ಇನ್ನೊಂದು ಗಮ್ಮತ್ತು ನೋಡ್ರಿ. ಧಾರವಾಡದಾಗ ಕರ್ನಾಟಕ ಕಾಲೇಜಿನ ಮುಂದ ಹಾಯ್ದು ಹೋಗೋವಾಗ, "ಗಿರೀಶ ಕಾರ್ನಾಡರು ಇಲ್ಲೇ ಕಲ್ತದ್ದು" ಅಂತ ಬೀಗರಿಗೆ ತೋರಸ್ತೀವಿ. ಖರೇನ ಅದ. ಅವರು ಅಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಾಗ ಬಿ.ಎ. ಆದ್ರು, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದ್ರು. ಅವರ 'ಯಯಾತಿ' ನಾಟಕ 1961ರಾಗ ಇದೇ ಧಾರವಾಡದ ಮನೋಹರ ಗ್ರಂಥಮಾಲಾದವರು ಅಚ್ಚು ಹಾಕಿದ್ರು. ಅದೇ ಕಾಲೇಜಿನಾಗ ಸಂಸ್ಕೃತ ಪಾಠ ಹೇಳಿದವರು ಶ್ರೀರಂಗರು, 'ಕೇಳು ಜನಮೇಜಯ' ಬರದವರು. ಲೆಕ್ಕ ಓದಿದ ಹುಡುಗ ನಾಟಕ ಬರದ್ರ ನಮಗ ಹೆಮ್ಮಿ, ಸಂಸ್ಕೃತದ ಮಾಸ್ತರ ನಾಟಕ ಬರದ್ರ ಹೆಮ್ಮಿ. ನಾಟಕಾನ ಓದಿದ ಹುಡುಗಿ ಮನಿಗೆ ಬಂದ್ರ ಯಾಕ ಬಾಯಿ ಕಟ್ಟತದ? ಜ್ಞಾನಪೀಠ ಬರೋತನಕ ಕಾಯಬೇಕಂದ್ರ, ನೂರರಾಗ ತೊಂಬತ್ತೊಂಬತ್ತು ಹುಡುಗೂರಿಗೆ ಜನ್ಮದಾಗ ಒಂದು ಶಾಬ್ಬಾಸ್ ಸಿಗೋದಿಲ್ಲ.

ಬಿ.ವಿ. ಕಾರಂತರ ಕತಿ ಇನ್ನೂ ಛಲೋ ಅದ. ಹುಡುಗನಿದ್ದಾಗ ಮನಿ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. ಗುಬ್ಬಿ ವೀರಣ್ಣನವರು, ನಾಟಕ ಕಂಪನಿ ಮಾಲಕರು, ಈ ಹುಡುಗನ್ನ ಓದಲಿ ಅಂತ ಕಾಶಿಗೆ ಕಳಿಸಿದ್ರು. ಕಾರಂತರು ಹಿಂದಿ ಎಂ.ಎ. ಮಾಡಿದ್ರು, ಆಮ್ಯಾಲೆ ದಿಲ್ಲಿ ನಾಟಕ ಶಾಲ್ಯಾಗ ಕಲ್ತರು, ಮುಂದ ಅದೇ ಶಾಲಿಗೆ ನಿರ್ದೇಶಕರಾದ್ರು, ಮೈಸೂರು ರಂಗಾಯಣಕ್ಕೂ ಮೊದಲನೇ ನಿರ್ದೇಶಕರು ಅವರ. ನಾಟಕದಂವ ಒಬ್ಬ ಹುಡುಗನ್ನ ಓದಲಿಕ್ಕೆ ಕಳಿಸಿದ. ಓದಿದ ಮನಿತನದವರು ಅನಿಸಿಕೊಂಡ ನಾವು ಒಂದು ಹುಡುಗೀನ್ನ ನಾಟಕಕ್ಕ ಕಳಸ್ಲಿಕ್ಕೆ ಒಲ್ಲೆವು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಸುದ್ದಾ ದಿಲ್ಲಿ ಶಾಲ್ಯಾಗ ಕಲ್ತವರು. ಮನ್ಯಾಗ ಕಂಪನಿನ ಇತ್ತು, ಹುಟ್ಟಾ ಹಾಡು ಬರ್ತಿತ್ತು, ಆದ್ರೂ ಶಾಲಿಗೆ ಹೋಗಿ ಕಲ್ತರು. ವಿದ್ಯಾಕ್ಕ ಮರ್ಯಾದಿ ಕೊಡೋದು ಅಂದ್ರ ಹಂಗ.

ಈಗ ರೊಕ್ಕದ ಮಾತು. ಅದನ್ನ ಬಿಟ್ಟು ಉಳಿದದ್ದೆಲ್ಲಾ ಹೇಳಿದ್ರ ನೀವು "ಇವರಿಗೇನು, ಬರೀತಾರ" ಅಂತೀರಿ. ಖರೆ, ನಾಟಕದಾಗ ರೊಕ್ಕ ಕಡಿಮಿ. ಕಾಲೇಜಿಗೆ ಕಂಪನಿಯವರು ಬಂದು ಆರಿಸಿಕೊಂಡು ಹೋಗೋದಿಲ್ಲ. ತಂಡದ ಜೋಡಿ ತಿರುಗಾಟಕ್ಕ ಹೋದ್ರ ಊಟ, ವಸತಿ, ಸಣ್ಣ ಪಗಾರ. ಕೆಲವೊಬ್ರು ಸಾಲ್ಯಾಗ ನಾಟಕದ ಮಾಸ್ತರಾಗ್ತಾರ, ಕೆಲವೊಬ್ರು ಮಕ್ಕಳ ಶಿಬಿರ ಮಾಡ್ತಾರ, ಕೆಲವೊಬ್ರು ಸೀರಿಯಲ್ಲು, ಸಿನಿಮಾ. ಹಳೇ ಕಂಪನಿಯ ಎಷ್ಟೋ ಮಂದಿ ಕಲಾವಿದರು ಕಡೀಗೆ ಸರ್ಕಾರದ ಮಾಸಾಶನಕ್ಕ ಕೈ ಒಡ್ಡಿ ಕೂತದ್ದು ನಮ್ಮ ಕಣ್ಣ ಮುಂದ ಅದ. ಅದಕ್ಕ ತಂದಿತಾಯಿಗೆ ಅಂಜಿಕಿ ಆಗೋದು ಸಹಜ, ಅದನ್ನ ನಾ ನಗಚಾಟಿಗಿ ಮಾಡೋದಿಲ್ಲ.

ಆದ್ರ ಒಂದು ಲೆಕ್ಕ ಹಾಕ್ರಿ. ಅದೇ ನಮ್ಮ ಬಳಗದಾಗ ಒಬ್ಬ ಹುಡುಗ ಕೆ.ಎ.ಎಸ್. ಪರೀಕ್ಷಾಕ್ಕ ಕೂಡ್ತೀನಿ ಅಂತ ನಾಕು ವರ್ಷ ಮನ್ಯಾಗ ಇದ್ದ. ಕೋಚಿಂಗ್ ಫೀ, ಪುಸ್ತಕ, ಬೆಂಗಳೂರಿನ ರೂಮ್ ಬಾಡಿಗಿ ಎಲ್ಲಾ ಕೊಟ್ರು. "ಓದಲಿಕ್ಕತ್ಯಾನ" ಅಂತ ಹೆಮ್ಮಿಲೆ ಹೇಳ್ತಿದ್ರು. ಆಗಲಿಲ್ಲ, ಈಗ ಖಾಸಗಿ ಬ್ಯಾಂಕಿನಾಗ ಇದ್ದಾನ, ಅದಕ್ಕೂ ಯಾರೂ ಹೀಯಾಳಿಸಲಿಲ್ಲ. ಸಿ.ಎ. ಮಾಡೋರಿಗೆ ಎಷ್ಟು ವರ್ಷ ಬೇಕಾದ್ರೂ ಕಾಯ್ತೀವಿ. ನಾಟಕ ಕಲ್ತು ಬಂದವರಿಗೆ ಮಾತ್ರ ನಾಕು ವಾರಕ್ಕ "ಮುಂದೇನು?" ಅಂತ ಶುರು. ತಾಳ್ಮಿ ನಮ್ಮ ಹಂತೇಕ ಅದ, ಆದ್ರ ಅದನ್ನ ಯಾರಿಗೆ ಕೊಡಬೇಕು ಅಂತ ಮೊದಲ ನಿರ್ಧಾರ ಮಾಡಿಟ್ಟೀವಿ. ನಾ ಕೇಳೋದು ಒಂದು ವರ್ಷ. ಆ ಹುಡುಗೂರಿಗೂ ಒಂದು ವರ್ಷ ಮನ್ಯಾಗ ತಾಟ, ಮೂಲ್ಯಾಗ ಹಾಸಿಗಿ, ಬಸ್ ಚಾರ್ಜು ಕೊಡ್ರಿ, ಪ್ರಶ್ನಿ ಕೇಳಬ್ಯಾಡ್ರಿ. ಶಾಲಿ ಬಿಟ್ಟ ಮೊದಲನೇ ವರ್ಷಾನ ಅವರಿಗೆ ಭಾಳ ಕಠಿಣ. ಜೋಡಿ ಇದ್ದ ಗೆಳೆಯರು ದಿಕ್ಕಾಪಾಲು ಆಗಿರ್ತಾರ, ದಿನಾ ಬೆಳಿಗ್ಗೆ ಎಬ್ಬಸೋರು ಇರೋದಿಲ್ಲ, ತಾಲೀಮಿಗೆ ಜಾಗ ಇರೋದಿಲ್ಲ. ಆವಾಗ ಮನಿನೂ ಮಾರಿ ತಿರವಿತಂದ್ರ ಅಲ್ಲೇ ಕೈ ಬಿಡ್ತಾರ. ಹಂಗ ಕೈ ಬಿಟ್ಟವರು ಆಮ್ಯಾಲೆ ಬ್ಯಾರೆ ಎಲ್ಲೋ ನೌಕರಿ ಹಿಡದು ಚೆಂದಾಗೇ ಇರಬಹುದು. ಆದ್ರ ನಾಟಕ ನೋಡ್ಲಿಕ್ಕೆ ಸುದ್ದಾ ಹೋಗೋದಿಲ್ಲ, ಹೊಟ್ಟ್ಯಾಗ ಸಂಕಟ ಆಗ್ತದಂತ.

ಇನ್ನ ನಮ್ಮ ಮಂದಿ ಕೇಳೋ ಎರಡನೇ ಪ್ರಶ್ನಿ: "ಸೀರಿಯಲ್ಲಿನಾಗ ಯಾವಾಗ ಬರ್ತಿ?" ಟಿವ್ಯಾಗ ಬಂದ್ರ ಮಾತ್ರ ಆ ಓದಿಗೆ ಬೆಲಿ. ಅಚ್ಯುತ ಕುಮಾರರು ಹೆಗ್ಗೋಡಿನಾಗ ಕಲ್ತವರು, ಸಿನಿಮಾದಾಗ ಅವರನ್ನ ನೋಡಿ ನಾವು ಮೆಚ್ಚತೀವಿ. ಸತೀಶ್ ಅವರಂತೂ ನೀನಾಸಂ ಅನ್ನೋದನ್ನ ತಮ್ಮ ಹೆಸರಿಗೇ ಕೂಡಿಸಿಕೊಂಡಾರ. ಯಾವ ಇಂಜಿನಿಯರ ತನ್ನ ಕಾಲೇಜಿನ ಹೆಸರನ್ನ ಅಡ್ಡಹೆಸರು ಮಾಡಿಕೊಂಡಾನ ಹೇಳ್ರಿ? ಕಲ್ತ ಜಾಗದ ಮ್ಯಾಲೆ ಅಷ್ಟು ಅಭಿಮಾನ ಹುಡುಗೂರಿಗೆ ಅದ, ನಮಗ ಅದನ್ನ ಬಯೋಡೇಟಾದಾಗ ಒಂದು ಸಾಲು ಬರೀಲಿಕ್ಕೆ ನಾಚಿಕಿ. ಸಿನಿಮಾಕ್ಕ ಹೋಗಲಿ, ಸಂತೋಷ. ಹೋಗದಿದ್ರೂ ಆ ಓದು ಓದ. ಬಿ.ಎಸ್ಸಿ. ಮಾಡಿದವರೆಲ್ಲಾ ವಿಜ್ಞಾನಿ ಆಗ್ಯಾರೇನು?

ಹಂಗಾದ್ರ ಏನ ಮಾಡೋದು? ಆರತಿ ಅಂದದ್ದು ಬರೀ ತಾಟು, ದೀಪ ಅಲ್ಲ. ಮನಿ ಮಂದಿ ಕೈಲೆ ಆಗೋವಂಥವು ಇಷ್ಟು ಅವ.

ಶಾಲಿ ಮುಗಿಯೋ ಮುಂದ ಹುಡುಗೂರು ನಾಟಕ ಮಾಡ್ತಾರ. ಅದಕ್ಕ ಹೋಗ್ರಿ. ಘಟಿಕೋತ್ಸವಕ್ಕ ಸೀರಿ ಉಟ್ಟುಕೊಂಡು ಹೋಗ್ತೀರಲ್ಲ, ಹಂಗ. ದೂರ ಆಗ್ತದ ಅನಬ್ಯಾಡ್ರಿ, ಧರ್ಮಸ್ಥಳಕ್ಕ ಹೋಗ್ತೀವಿಲ್ಲೋ. ಸ್ಟೇಜಿನಿಂದ ಕೆಳಗ ನೋಡಿದಾಗ ನಮ್ಮವರದೊಂದು ಮಾರಿ ಕಾಣಬೇಕು. ನಮ್ಮ ಹುಡುಗಿಗೆ ಅವತ್ತು ಯಾರ ಮಾರಿನೂ ಕಾಣಲಿಲ್ಲ. ಆಕಿ ಹೇಳಿಕೊಂಡಿಲ್ಲ, ಆದ್ರ ಮುದುಕಿ ಪಾರ್ಟು ಮಾಡೇನಿ ಅಂತ ಹೇಳೋ ಮುಂದ ಆಕಿ ಕಣ್ಣು ಅಜ್ಜಿ ಒಬ್ಬರ ಮ್ಯಾಲೆ ಇದ್ದದ್ದು ನಾ ನೋಡೀನಿ.

ಮನಿಗೆ ಬಂದವರ ಮುಂದ "ಎಲ್ಲಿ, ಒಂದು ಡೈಲಾಗ್ ಹೊಡೀ ನೋಡೋಣು" ಅಂತ ನಿಲ್ಲಸಬ್ಯಾಡ್ರಿ. ಡಾಕ್ಟರ್ ಓದಿ ಬಂದವಗ "ಒಂದು ಇಂಜೆಕ್ಷನ್ ಚುಚ್ಚು ನೋಡೋಣು" ಅಂತೀವೇನು? ಬದಲಿಗೆ ಏನ ಕಲ್ತಿ, ಯಾವ ನಾಟಕ, ಆ ನಾಟಕದ ಕತಿ ಏನು ಅಂತ ಕೇಳ್ರಿ. ಕೂತು ಕೇಳ್ರಿ.

ಸಾಲಿ ಗ್ಯಾದರಿಂಗಿಗೆ, ಓಣಿ ಗಣಪತಿಗೆ, ರಾಜ್ಯೋತ್ಸವಕ್ಕ ಹುಡುಗೂರಿಗೆ ನಾಟಕ ಕಲಸು ಅಂತ ಕರದ್ರ ರೊಕ್ಕ ಕೊಡ್ರಿ. ಪೆಂಡಾಲಿನವಗ ಕೊಡ್ತೀರಿ, ಮೈಕಿನವಗ ಕೊಡ್ತೀರಿ, ಅಡಿಗಿಯವರಿಗೆ ಕೊಡ್ತೀರಿ. ನಾಟಕ ಕಲಸೋರಿಗೆ ಮಾತ್ರ ಒಂದು ಶಾಲು, ಒಂದು ಹಾರ. ಶಾಲಿನಲೆ ಕಿರಾಣಿ ಅಂಗಡಿ ಬಿಲ್ಲು ತೀರೋದಿಲ್ಲ.

ಊರಿಗೆ ತಿರುಗಾಟದವರು, ಮತ್ತ ಯಾವುದೋ ಸಣ್ಣ ತಂಡದವರು ಬಂದ್ರ ಟಿಕೇಟು ತೊಗೊಂಡು ಹೋಗ್ರಿ. "ಪಾಸು ಸಿಗ್ತದೇನು?" ಅನ್ನೋದು ನಮ್ಮ ಕಡೆ ದೊಡ್ಡ ರೋಗ. ಹೋಟೆಲ್ಲಿನಾಗ ಮಸಾಲಿ ದ್ವಾಶಿ ಪಾಸಿನ ಮ್ಯಾಲೆ ಕೇಳೋದಿಲ್ಲ. ಆಟ ಮುಗಿದ ಮ್ಯಾಲೆ ಆಗೋದಾದ್ರ ಇಬ್ಬರು ಮೂವರನ್ನ ಊಟಕ್ಕ ಕರೀರಿ. ಬಿಸಿ ರೊಟ್ಟಿ, ಪುಂಡಿಪಲ್ಲೆ ಸಾಕು. ಅವರೂ ಯಾರದೋ ಮನಿ ಮಕ್ಕಳ.

ಮತ್ತ, ಹೆಣ್ಣುಮಕ್ಕಳ ತಂದಿತಾಯಿಗೆ ನನ್ನ ಕಳಕಳಿ ಮಾತು. ಬಯೋಡೇಟಾದಾಗ ಆ ಸಾಲು ಬರೀರಿ. "ರಂಗಶಿಕ್ಷಣ ಡಿಪ್ಲೊಮಾ" ಅಂತ, ಬಿ.ಎ. ಕೆಳಗ, ಅಷ್ಟ ದೊಡ್ಡ ಅಕ್ಷರದಾಗ. ಆ ಸಾಲು ನೋಡಿ ಹಿಂದ ಸರಿಯೋ ಮನಿತನ ಇರ್ತಾವ, ಸರೀಲಿ. ಮುಚ್ಚಿಟ್ಟು ಮದಿವಿ ಮಾಡಿದ್ರ ಆ ಹುಡುಗಿ ಮುಂದ ಜನ್ಮಪೂರ್ತಿ ಮುಚ್ಚಿಟ್ಟುಕೊಂಡ ಬದುಕಬೇಕು. ಗುನುಗೋ ಹಾಡನ್ನೂ ಬಚ್ಚಲಮನ್ಯಾಗ ಗುನುಗಬೇಕು. ಆ ಸಾಲು ಓದಿಯೂ "ಒಳ್ಳೇದಾತು, ಯಾವ ನಾಟಕ ಮಾಡೀರಿ?" ಅಂತ ಕೇಳೋ ಮನಿ ಒಂದು ಬಂದ ಬರ್ತದ. ಆಕಿಗೆ ಅಂಥಾ ಮನಿನ ಬೇಕು, ಉಳಿದದ್ದಕ್ಕ ಹೋಗಿ ಏನ ಮಾಡೂದದ?

ನಮ್ಮ ಅಕ್ಕನ ಜೋಡಿ ಇದ ವಿಷಯಕ್ಕ ಎರಡು ಸಲ ವಾದಾ ಆಗೇದ. ಭಾವನೋರು ಇನ್ನೂ ಒಪ್ಪಿಲ್ಲ. ಅವರು ಒಪ್ಪಲಿ ಅಂತ ಕಾಯಲಿಕ್ಕೆ ಹೋಗದ, ಬರೋ ಆಯಿತವಾರ ನಮ್ಮ ಮನ್ಯಾಗ ಹೂರಣದ ಹೋಳಿಗಿ ಮಾಡಸೀನಿ, ಬಳಗಕ್ಕೆಲ್ಲಾ ಫೋನ್ ಹಚ್ಚಿ ಹೇಳೀನಿ. ಯಾಕ ಅಂತ ಕೇಳಿದವರಿಗೆಲ್ಲಾ ಒಂದ ಉತ್ತರ ಕೊಟ್ಟೀನಿ: "ನಮ್ಮ ಹುಡುಗಿ ನಾಟಕದಾಗ ಡಿಪ್ಲೊಮಾ ಪಾಸಾಗ್ಯಾಳ್ರೀ, ಊಟಕ್ಕ ಬರ್ರಿ." ನಿಮ್ಮ ಬಳಗದಾಗೂ ಅಂಥಾ ಒಬ್ಬರು ಇದ್ರ, ಈ ವಾಕ್ಯ ಒಂದು ಸಲ ಬಾಯಿಬಿಟ್ಟು ಜೋರಾಗಿ ಅಂದು ನೋಡ್ರಿ.